ಓಣಿಗೆ ಬಂದ ಮೊದಲ ನೀರು

ಯುಗಾದಿ ಮುಗಿದ ಮರುವಾರ ನಾನು ಗದಗಿಗೆ ಹೋಗಿ ಅಧಿಕಾರ ವಹಿಸಿಕೊಂಡೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ನಾಲ್ಕೂ ಊರುಗಳ ಕುಡಿಯುವ ನೀರು ಮತ್ತು ಒಳಚರಂಡಿ ನಮ್ಮ ಕಚೇರಿಯ ಹೊಣೆ. ಕಚೇರಿಯ ಹೊಣೆ ನನ್ನದು. ಎಂಜಿನಿಯರ್ ಆಗಿ ಊರೂರು ತಿರುಗಿದ ನನಗೆ ಹುಟ್ಟಿದ ಸೀಮೆಗೆ ವರ್ಗವಾದದ್ದು ಅದೇ ಮೊದಲು. ನಮ್ಮದು ಶಿರಹಟ್ಟಿ. ಅಪ್ಪನಿಗೆ ಕಾಳುಕಡಿ ವ್ಯಾಪಾರವಿತ್ತು. ಮನೆಯಲ್ಲಿ ಜೋಳಕ್ಕೆ ಬರವಿರಲಿಲ್ಲ, ನೀರಿಗೆ ಇತ್ತು. ಅವ್ವ ನಡುನೆತ್ತಿಯಲ್ಲಿ ಕೂದಲಿಲ್ಲದವಳು. ಸಿಂಬಿ ಇಟ್ಟು ಕೊಡ ಹೊತ್ತು ಹೊತ್ತು ಅಲ್ಲಿಯ ಕೂದಲು ಸವೆದುಹೋಗಿತ್ತು. ಈಗ ಹುಬ್ಬಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ವರ್ಗದ ಸುದ್ದಿ ಹೇಳಿದಾಗ ಅವಳು, "ಚೊಲೋ ಆತು. ಹೋಗು, ನಮ್ಮ ಮಂದಿಗೆ ನೀರ್ ಕೊಡು" ಅಂದಳು. ಹಾಗೆ ಯಾರೂ ನನ್ನನ್ನು ಆಶೀರ್ವದಿಸಿ ಕೆಲಸಕ್ಕೆ ಕಳಿಸಿರಲಿಲ್ಲ.

ಅಲ್ಲಿ ಇದ್ದದ್ದು ಒಂದು ವರ್ಷ, ಅದೂ ಪೂರ್ತಿ ತುಂಬಲಿಲ್ಲ. ಆ ವರ್ಷದಲ್ಲಿ ಮಾಡಿದ ಕೆಲಸಗಳ ಪಟ್ಟಿ ಕಡತಗಳಲ್ಲಿದೆ. ನಾನು ಹೇಳಬೇಕಾದದ್ದು ನೀರು ಬಿಡುವ ಒಬ್ಬ ಮನುಷ್ಯನಿಗೆ ಏನಾಯಿತು ಎಂಬುದನ್ನು, ಮತ್ತು ಅದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು.

ನಮ್ಮ ನೀರು ತುಂಗಭದ್ರೆಯದು. ಹೊಳೆಯಿಂದ ಎತ್ತಿ, ಶುದ್ಧ ಮಾಡಿ, ಎರೆಹೊಲಗಳ ಕೆಳಗೆ ಹುಗಿದ ದಪ್ಪ ಕೊಳವೆಗಳಲ್ಲಿ ಊರ ಮೇಲಿನ ಟಾಕಿಗಳಿಗೆ ತರಬೇಕು. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಎರಡೂ ಸಲ ಕೊಳವೆ ಒಡೆಯುತ್ತದೆ. ಹಾಗಾಗಿ ಬೆಟಗೇರಿಯ ಒಂದು ಓಣಿಗೆ ವಾರಕ್ಕೊಮ್ಮೆ ನೀರು ಬಂದರೆ ಆ ಓಣಿಯ ಪುಣ್ಯ. ಹತ್ತು ದಿನ ಆದದ್ದೂ ಉಂಟು. ಪಾಳಿಯ ದಿನ ಕೆಲಸಕ್ಕೆ ಹೋಗದೆ ಮಂದಿ ನಳದ ಮುಂದೆ ಕೂತಿರುತ್ತಿದ್ದರು.

ಬೆಟಗೇರಿಯ ನೇಕಾರರ ಓಣಿಗಳಿಗೆ ನೀರು ಬಿಡುವವ ಐವತ್ತೈದು ದಾಟಿದ ಮನುಷ್ಯ. ತೆಳ್ಳಗೆ, ಎತ್ತರ, ಕಾಲರ್ ಸವೆದ ಬಿಳಿ ಅಂಗಿ. ಇಪ್ಪತ್ತು ವರ್ಷಕ್ಕೂ ಮೇಲೆ ದಿನಗೂಲಿಯ ಮೇಲೆಯೇ ಇದ್ದ. ನಾನು ಬಂದ ಮೊದಲ ವಾರ ಊರಿನ ಕೊಳವೆಗಳ ನಕಾಶೆ ಕೇಳಿದೆ. ನಮ್ಮ ಸಹಾಯಕ ಎಂಜಿನಿಯರ್ ಕಪಾಟು ತೆಗೆದು, ಗೆದ್ದಲು ತಿಂದ ಎರಡು ಹಾಳೆ ತೋರಿಸಿ, "ಖರೆ ನಕಾಶಿ ಬೇಕಂದ್ರ ಇವರನ್ನ ಕರಕೊಂಡು ಅಡ್ಡಾಡ್ರಿ ಮೇಡಂ" ಎಂದು ಆತನನ್ನು ಮುಂದೆ ನಿಲ್ಲಿಸಿದರು.

ಹದಿನೈದು ದಿನ ಬೆಳಿಗ್ಗೆ ಬೆಳಿಗ್ಗೆ ಆತನ ಹಿಂದೆ ನಡೆದೆ. ಯಾವ ತಿರುವಿನಲ್ಲಿ ಕೊಳವೆ ಕವಲೊಡೆದಿದೆ, ಯಾವ ಕಟ್ಟೆಯ ಕೆಳಗೆ ಹಳೆಯ ವಾಲ್ವು ಹೂತುಹೋಗಿದೆ, ಎಲ್ಲ ಬಾಯಿಪಾಠ. ಕಬ್ಬಿಣದ ಸಲಾಕಿಯ ಒಂದು ತುದಿ ನೆಲಕ್ಕೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚುತ್ತಿದ್ದ. ಒಮ್ಮೆ ಸಲಾಕಿಯನ್ನು ನನ್ನ ಕಡೆ ವಾಲಿಸಿ, "ಕೇಳ್ರಿ ಬಾಯಾರ, ನೀರು ಹೊಂಟೈತಿ" ಅಂದ. ನನಗೆ ಕೇಳಿಸಿದ್ದು ಬೀದಿಯ ಗದ್ದಲ ಮಾತ್ರ. ಆತ ನಕ್ಕು, "ಒಂದ್ ವರ್ಷ ಇರ್ರಿ, ಕೇಳಸ್ತೈತಿ" ಎಂದ.

ನಡೆಯುತ್ತ ನಡೆಯುತ್ತ ಮನೆಯ ಮಾತೂ ಬರುತ್ತಿತ್ತು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಪಿಯುಸಿ ಮುಗಿಸಿ ಹೊಲಿಗೆ ಕಲಿತವಳು. ಮುಂಡರಗಿಗೆ ಕೊಟ್ಟಿದ್ದ, ಅಳಿಯ ಟೆಂಪೊ ಹೊಡೆಯುತ್ತಾನೆ. ಮೇ ತಿಂಗಳಲ್ಲಿ ಎರಡು ದಿನ ರಜೆ ಕೇಳಲು ಬಂದಾಗ ಆತನಿಗೆ ನಾಚಿಕೆ.

"ಮಗಳಿಗೆ ಏಳು ತಿಂಗಳು ಬಿದ್ದಾವ್ರಿ. ಕುಬಸಾ ಮಾಡಿ ಕರಕೊಂಡು ಬರ್ತೀನಿ. ಚೊಚ್ಚಲ ಬಾಣಂತನ, ನಮ್ಮನ್ಯಾಗ ಆಗಬೇಕಲ್ರಿ."

ಒಂದು ಖಣ, ಒಂದು ತೆಂಗಿನಕಾಯಿ ತರಿಸಿ ಆತನ ಕೈಯಲ್ಲಿ ಕೊಟ್ಟು ಕಳಿಸಿದೆ. "ನೀವೂ ಬರ್ರಿ ಬಾಯಾರ" ಎಂದು ಎರಡು ಸಲ ಕರೆದ. ಆ ದಿನ ಮೇಲಧಿಕಾರಿಗಳ ಸಭೆಯಿತ್ತು, ಹೋಗಲಿಲ್ಲ. ಹೋಗಿದ್ದರೆ ಆತನ ಹೆಂಡತಿಯ ಮುಖ ನೋಡಿರುತ್ತಿದ್ದೆ.

ಅದೇ ಮೇ ಕೊನೆಗೆ, ಒಂದು ಸೋಮವಾರ, ಒಬ್ಬ ಹೆಣ್ಣುಮಗಳು ನನ್ನ ಕೋಣೆಗೆ ಬಂದಳು. ಐವತ್ತರ ಆಸುಪಾಸು, ಇಳಕಲ್ ಸೀರೆಯ ಸೆರಗು ತಲೆಯ ಮೇಲೆ, ಕೈಯಲ್ಲಿ ಹಾಳೆಯಲ್ಲಿ ಸುತ್ತಿದ ಏನೋ. ಕುಂಡ್ರಿ ಅಂದರೂ ಕೂರಲಿಲ್ಲ. ಹಾಳೆ ಬಿಚ್ಚಿ ಮೇಜಿನ ಮೇಲೆ ಬಿಳಿ ನೂಲಿನ ಒಂದು ಲಡಿ ಇಟ್ಟಳು. ಬಿಳಿ ಅನ್ನುವಂತಿರಲಿಲ್ಲ, ನಡುನಡುವೆ ತಿಳಿಹಳದಿಯ ಕಲೆ.

"ನಾ ಮಗ್ಗದ ಕಂಡಿಕಿಗೆ ನೂಲು ಸುತ್ತಾಕಿ ರೀ. ಗಂಜಿ ಹಾಕಾಕ ಮುಂಚೆ ನೂಲು ನಳದ ನೀರಾಗ ನೆನಸ್ತೀವಿ. ವಾಸನಿ ನೋಡ್ರಿ."

ಎತ್ತಿ ಮೂಸಿದೆ. ಗಟಾರದ ವಾಸನೆ. ಗಾಢವಾಗಿ ಅಲ್ಲ, ಆದರೆ ಇತ್ತು.

"ನೇಯಿಸೋ ಸಾವಕಾರ್ರು ಲಡಿ ತಿರುಗಿ ಕೊಟ್ರು. ನೂಲಿಗೆ ಹಿಂಗಾದ್ರ, ನಾವು ಕುಡೀತೀವಲ್ರಿ?"

ಯಾವ ಓಣಿ ಎಂದು ಕೇಳಿ ಬರೆದುಕೊಂಡೆ. "ನಿಮ್ಮ ಮನಿಯವ್ರು ಏನ್ ಮಾಡ್ತಾರ?" ಅಂದೆ. "ಹಿಂಗ ಕೂಲಿನಾಲಿ ರೀ" ಅಂದು ಆಕೆ ಸೆರಗು ಸರಿಮಾಡಿಕೊಂಡು ಹೋದಳು.

ಅಂದೇ ಸಹಾಯಕ ಎಂಜಿನಿಯರ್‌ಗೆ ಹೇಳಿ ನೀರಿನ ಮಾದರಿ ಪರೀಕ್ಷೆಗೆ ಕಳಿಸಿದೆ. ವರದಿ ಬಂತು: ಕುಡಿಯಲು ಯೋಗ್ಯ. ಮಾದರಿ ಎಲ್ಲಿ ತೆಗೆದಿರಿ ಎಂದು ಕೇಳಿದೆ. ಒಂದು ಟಾಕಿಯಲ್ಲಿ, ಒಂದು ಓಣಿಯ ನಳದಲ್ಲಿ, ನೀರು ಬಿಟ್ಟು ಅರ್ಧ ತಾಸಾದ ಮೇಲೆ ಎಂದರು. ವರದಿಗೆ ಸಹಿ ಮಾಡಿ ಕಡತಕ್ಕೆ ಹಾಕಿದೆ. ಆದರೂ ನೂಲಿನ ವಾಸನೆ ಮನಸ್ಸಿನಲ್ಲಿ ಉಳಿದಿತ್ತು. ನೀರು ಬಿಡುವ ನಮ್ಮ ಮನುಷ್ಯನನ್ನು ಕರೆದು ಕೇಳಿದೆ. ಅದು ಆತ ಇರುವ ಓಣಿಯೇ ಎಂದು ನನಗೆ ತಿಳಿದಿರಲಿಲ್ಲ, ಆತನೂ ಹೇಳಲಿಲ್ಲ. ಬಾಗಿಲಲ್ಲಿ ನಿಂತೇ ಮಾತಾಡಿದ.

"ಮೊದಲ ನೀರು ಕೆಟ್ಟ ಬರ್ತೈತ್ರಿ ಬಾಯಾರ. ಎಂಟು ದಿನ ಪೈಪು ಖಾಲಿ ಇರ್ತೈತಿ. ಎಲ್ಲೋ ತೂತು ಬಿದ್ದೈತಿ. ಖಾಲಿ ಪೈಪು ಗಟಾರದ ನೀರು ಎಳಕೊಂತೈತಿ. ಮುಂದ ನಾವು ನೀರು ಬಿಟ್ಟಕೂಡ್ಲೆ ಅದ ಮೊದಲ ಮನಿಗೋಳಿಗೆ ಹೋಗ್ತೈತಿ. ಅರ್ಧ ತಾಸು ಆದ ಮ್ಯಾಲೆ ಚೊಲೋ ನೀರು."

"ಹಂಗಾರ ಮೊದಲ ನೀರು ಚೆಲ್ಲಾಕ ಹೇಳ್ರಿ ಮಂದಿಗೆ."

"ಹೇಳೀನ್ರಿ. ಎಂಟು ದಿನಕ್ಕೊಮ್ಮೆ ಬರೋ ನೀರು, ಯಾರ್ ಚೆಲ್ತಾರ್ರಿ? ಅಗದು ನೋಡೂಣ್ರಿ. ಎರಡು ದಿನದ ಕೆಲಸ."

ಅಗೆಯುವುದು ಎರಡು ದಿನದ ಕೆಲಸವೇ. ಆದರೆ ಆ ಓಣಿಗೆ ಹೊಸದಾಗಿ ಕಾಂಕ್ರೀಟ್ ಹಾಕಿ ಮೂರು ತಿಂಗಳೂ ಆಗಿರಲಿಲ್ಲ. ಅದನ್ನು ಒಡೆಯಲು ಪರವಾನಿಗೆ ಬೇಕು. ಕೇಳಿದರೆ, ನೀರು ಕೆಟ್ಟಿದೆ ಎಂದು ಬರೆದು ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ಅಂದಿನಿಂದಲೇ ನೀರು ನಿಲ್ಲಿಸಿ ಟ್ಯಾಂಕರ್ ಕೊಡಬೇಕು. ಟ್ಯಾಂಕರುಗಳೆಲ್ಲ ಶಿರಹಟ್ಟಿ ಕಡೆ ಓಡುತ್ತಿದ್ದವು. ಒಳಚರಂಡಿಯದು ಇನ್ನೊಂದು ಕಥೆ: ಕೊಳವೆ ಹಾಕಿ ವರ್ಷಗಳಾಗಿದ್ದರೂ ಮನೆಗಳಿಗೆ ಜೋಡಿಸುವ ಕೆಲಸ ಮುಗಿದಿರಲಿಲ್ಲ. ಶೌಚದ ನೀರು ತೆರೆದ ಗಟಾರದಲ್ಲೇ ಹರಿಯುತ್ತಿತ್ತು, ನಳದ ಕೊಳವೆಗಳು ಆ ಗಟಾರವನ್ನೇ ದಾಟಿ ಮನೆ ಸೇರುತ್ತಿದ್ದವು. ಇವೆಲ್ಲ ನನಗೆ ಆ ಒಂದು ನಿಮಿಷದಲ್ಲಿ ಕಣ್ಣ ಮುಂದೆ ಬಂದವು.

"ಸ್ವಲ್ಪ ತಡೀರಿ. ಮಳಿ ಹತ್ಲಿ, ಆಮ್ಯಾಲೆ ಅಗಸೂಣು" ಅಂದೆ.

"ಆತ್ರಿ" ಎಂದ. ಹಾಗೆ ಅನ್ನುವುದನ್ನು ಇಪ್ಪತ್ತು ವರ್ಷದಲ್ಲಿ ಕಲಿತಿದ್ದ ಆತ.

ಜೂನ್ ಮೊದಲ ವಾರ ಆ ಹೆಣ್ಣುಮಗಳು ಮತ್ತೆ ಬಂದಳು. ಇನ್ನೊಂದು ಲಡಿ, ಅದೇ ಕಲೆ, ಅದೇ ವಾಸನೆ. ನಾನು ವರದಿ ತೋರಿಸಿದೆ. ಓದಲು ಬರುತ್ತಿತ್ತು ಆಕೆಗೆ. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಕೊನೆಗೆ, "ಇದು ಯಾವ ನೀರಿಂದ್ರಿ?" ಅಂದಳು. ನಾನು ಮಾತು ಬದಲಿಸಿದೆ.

ಮೂರನೆಯ ಸಲ ಬಂದಾಗ ನಾನು ಜೀಪು ಹತ್ತಿದ್ದೆ. ಲಕ್ಷ್ಮೇಶ್ವರಕ್ಕೆ ಹೋಗುವ ದೊಡ್ಡ ಕೊಳವೆ ಹೊಲವೊಂದರಲ್ಲಿ ಒಡೆದು ಐದು ದಿನವಾಗಿತ್ತು. ಅಲ್ಲಿ ಹೆಂಗಸರು ಖಾಲಿ ಕೊಡಗಳನ್ನು ರಸ್ತೆಗೆ ಅಡ್ಡ ಇಟ್ಟು ಕೂತಿದ್ದರು, ನಾನು ಬಾರದೆ ಏಳುವುದಿಲ್ಲ ಎಂದು ಹಟ. ನನ್ನ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಆಕೆ ಜೀಪಿನ ಕಿಟಕಿಗೆ ಕೈ ಹಚ್ಚಿದಳು.

"ಬಾಯಾರ, ಮನ್ಯಾಗ ಬಸರಿ ಹೆಣ್ಮಗಳು ಐತ್ರಿ."

"ಕಾಯಿಸಿ ಆರಿಸಿ ಕುಡೀರಿ" ಅಂದೆ.

"ಕಾಯಿಸ್ತೀವ್ರಿ. ಎಲ್ಲಾ ಹೊತ್ತೂ ಎಲ್ಲಿ ಕಾಯ್ಸಾಕ ಆಕ್ಕೈತಿ? ಅದು ಹುಡುಗಿ, ಬಾಯಾರಿದ್ರ ಕೊಡಕ್ಕ ಚರಗಿ ಅದ್ದಿ ಕುಡೀತೈತಿ."

ಡ್ರೈವರ್ ನನ್ನ ಮುಖ ನೋಡಿದ. ನಾನು ಹೊರಡಲು ಸನ್ನೆ ಮಾಡಿದೆ. ಜೀಪು ಸರಿದಾಗ ಆಕೆಯ ಕೈ ಕಿಟಕಿಯ ಮೇಲಿಂದ ಜಾರಿದ್ದು ನೋಡಿದೆ. ಲಕ್ಷ್ಮೇಶ್ವರದಲ್ಲಿ ಆ ದಿನ ಸಂಜೆಯವರೆಗೂ ಬಿಸಿಲಲ್ಲಿ ನಿಂತು ಬೈಸಿಕೊಂಡೆ; ಕೊಳವೆ ಕೂಡಿಸಿ ನೀರು ಹೊರಟಾಗ ಒಬ್ಬಾಕೆ ನನಗೇ ಮೊದಲ ಕೊಡ ತೋರಿಸಿ ನಕ್ಕಳು. ದೊಡ್ಡ ಕೆಲಸ ಮಾಡಿದೆ ಎಂಬ ಸಮಾಧಾನದಿಂದ ಮರಳಿದೆ. ಕಿಟಕಿಯ ಮೇಲಿನ ಕೈ ಆಗ ನೆನಪಾಗಲಿಲ್ಲ.

ಅದಾದ ಮೇಲೆ ಆಕೆ ಬರಲಿಲ್ಲ. ಮಳೆ ಹತ್ತಿತು. ಮುಂಡರಗಿಯಲ್ಲಿ ಮೋಟರು ಸುಟ್ಟಿತು, ಮಲ್ಲಸಮುದ್ರದ ಹತ್ತಿರ ಚರಂಡಿಯ ನೀರು ಹೊಲಕ್ಕೆ ನುಗ್ಗಿತು, ಕುರ್ತಕೋಟಿ ರಸ್ತೆಯಲ್ಲಿ ಇನ್ನೊಂದು ಕೊಳವೆ ಒಡೆಯಿತು. ಅಗೆಸುವ ಮಾತು ಹಿಂದೆ ಬಿತ್ತು.

ಜುಲೈ ನಡುವೆ ಬೆಟಗೇರಿ ಕಡೆ ಕಾಮಾಲೆ, ನಮ್ಮ ಕಡೆಯ ಕಾಮಣಿ, ಕಾಣಿಸಿಕೊಂಡಿತು. ಮೊದಲು ಒಂದು ಮನೆ, ಆಮೇಲೆ ಆ ಸಾಲಿನ ನಾಲ್ಕೈದು ಮನೆ. ಕಣ್ಣು ಹಳದಿ, ಊಟ ಸೇರದು. ಮಂದಿ ನಾಟಿ ಔಷಧ ಕುಡಿದು ಪಥ್ಯ ಮಾಡಿದರು. ಆರೋಗ್ಯದವರು ಕಾಗದ ಬರೆದು ನೀರಿನ ಬಗ್ಗೆ ಕೇಳಿದರು. ನಾನು ಆ ಹಳೆಯ ವರದಿಯನ್ನೇ ಲಗತ್ತಿಸಿ, ನೀರು ಕುಡಿಯಲು ಯೋಗ್ಯವಿದೆ ಎಂದು ಉತ್ತರ ಕಳಿಸಿದೆ. ವರದಿ ಸುಳ್ಳಲ್ಲ. ಆದರೆ ಅದು ಯಾವ ನೀರಿನದು ಎಂಬುದು ನನಗೆ ಗೊತ್ತಿತ್ತು. ಸಹಿ ಮಾಡುವಾಗ ಪೆನ್ನು ಸ್ವಲ್ಪ ತಡೆಯಿತು ಎಂದು ಬರೆಯಬಹುದು, ತಡೆಯಲಿಲ್ಲ. ಹತ್ತು ಕಾಗದಗಳ ನಡುವೆ ಅದೂ ಒಂದು.

ಮರುವಾರ ಒಂದು ಬೆಳಿಗ್ಗೆ ಬೆಟಗೇರಿಯಿಂದ ಫೋನುಗಳು ಶುರುವಾದವು: ಪಾಳಿಯ ದಿನ, ನೀರು ಬಿಟ್ಟಿಲ್ಲ. ಇಪ್ಪತ್ತು ವರ್ಷದಲ್ಲಿ ಆತ ಪಾಳಿ ತಪ್ಪಿಸಿದ್ದಿಲ್ಲವಂತೆ. ಸಹಾಯಕ ಎಂಜಿನಿಯರ್ ವಿಚಾರಿಸಿ ಬಂದು, ಕೂರದೆ ನಿಂತೇ ಹೇಳಿದರು.

"ಅವರ ಮಗಳಿಗೆ ಕಾಮಣಿ ಆಗೈತಂತ ಮೇಡಂ. ಒಂಬತ್ತರಾಗ ಅದಾಳ. ಇಲ್ಲಿ ದವಾಖಾನ್ಯಾಗ ಆಗಂಗಿಲ್ಲ ಅಂದ್ರಂತ, ಹುಬ್ಬಳ್ಳಿಗೆ ಒಯ್ದಾರ."

"ಅವರ ಮನಿ ಎಲ್ಲಿ?" ಅಂದೆ.

ಅವರು ಓಣಿಯ ಹೆಸರು ಹೇಳಿದರು, ನೂಲಿನ ಲಡಿ ಬಂದ ಅದೇ ಓಣಿ. ವಾಲ್ವಿನ ಪಕ್ಕದ ಎರಡನೆಯ ಮನೆ.

ಬಸುರಿಗೆ ಈ ಕಾಮಣಿ ಬಂದರೆ ಉಳಿಯುವುದು ಕಷ್ಟ ಎಂದು ನನಗೆ ಆಗ ಗೊತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಡಾಕ್ಟರರು ಕೂಸನ್ನು ತೆಗೆದರು. ಹೆಣ್ಣು ಕೂಸು, ಉಳಿಯಿತು. ತಾಯಿಗೆ ಎಚ್ಚರ ಬರಲೇ ಇಲ್ಲ. ಮರುದಿನ ಮಧ್ಯಾಹ್ನ ತೀರಿಕೊಂಡಳು. ಇಪ್ಪತ್ತಮೂರು ವರ್ಷ.

ನಾನು ಹೋದಾಗ ಓಣಿ ತುಂಬ ಮಂದಿ. ಮಗ್ಗಗಳು ನಿಂತಿದ್ದವು. ಸಹಾಯಕ ಎಂಜಿನಿಯರ್ ಮುಂದೆ ದಾರಿ ಮಾಡಿದರು. ಅವರ ರೂಢಿಯಂತೆ ಮನೆಯ ಮುಂದಿನ ಕಟ್ಟೆಗೆ ಮಗಳನ್ನು ಆನಿಸಿ ಕೂರಿಸಿದ್ದರು, ಹಸಿರು ಸೀರೆ, ಮುಡಿ ತುಂಬ ಹೂವು. ಮುಖ ಅರಿಸಿನ ಹಚ್ಚಿದಂತೆ ಹಳದಿ; ಅದು ಅರಿಸಿನವಲ್ಲ. ಆತ ಕಂಬಕ್ಕೆ ಒರಗಿ ನಿಂತಿದ್ದ. ನನ್ನನ್ನು ಕಂಡು, ಅಂಥ ಹೊತ್ತಿನಲ್ಲೂ, ಕೈ ಎತ್ತಿ ನಮಸ್ಕಾರ ಮಾಡಿದ. ಮಗಳ ಪಕ್ಕದಲ್ಲಿ ಅವಳ ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡು ಕೂತ ತಾಯಿ ತಲೆ ಎತ್ತಿದಳು.

ನೂಲಿನ ಲಡಿ ತಂದ ಹೆಣ್ಣುಮಗಳು.

ಆಕೆ ಬೈಯಲಿಲ್ಲ. ಎದ್ದು ಬಂದು ಎದೆಗೆ ಹೊಡೆದಿದ್ದರೆ ನಿಂತು ಹೊಡೆಸಿಕೊಳ್ಳುತ್ತಿದ್ದೆ. ನನ್ನನ್ನು ಗುರುತು ಹಿಡಿದಳು, ಅಷ್ಟೇ. ಆಮೇಲೆ ಮಗಳ ಹಣೆಯ ಮೇಲಿನ ಕೂದಲು ಹಿಂದೆ ಸರಿಸಿದಳು. ಪಕ್ಕದ ಮುದುಕಿ ಹಾಡಿಕೊಂಡು ಅಳುತ್ತಿದ್ದಳು, "ಹಡ್ಯಾಕ ಬಂದಾಕಿ ಹಿಂಗ್ಯಾಕ ಹೊಂಟಿ ನನ್ನವ್ವ" ಎಂದು. ನಾನು ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ಜೀಪಿನಲ್ಲಿ ಕೂತ ಮೇಲೆ ಸಹಾಯಕ ಎಂಜಿನಿಯರ್ ನೀರಿನ ಬಾಟಲಿ ಕೊಟ್ಟರು. ಕೈಯಲ್ಲಿ ಹಿಡಿದುಕೊಂಡು ಕೂತೆ, ಕುಡಿಯಲಾಗಲಿಲ್ಲ.

ಮರುದಿನ ಪರವಾನಿಗೆ ಕೇಳದೆ ಕಾಂಕ್ರೀಟ್ ಒಡೆಯಲು ಹೇಳಿದೆ. ಎಲ್ಲಿ ಒಡೆಯಬೇಕೆಂದು ಯಾರಿಗೂ ತಿಳಿಯದು. ಒಂದು ದಿನವೆಲ್ಲ ತಪ್ಪು ಜಾಗದಲ್ಲಿ ಅಗೆದರು. ಅದರ ಮಾರನೆಯ ದಿನ, ಮಗಳನ್ನು ಮಣ್ಣು ಮಾಡಿ ಮೂರನೆಯ ದಿನ, ಆತ ತಾನೇ ಮನೆಯಿಂದ ಎದ್ದು ಬಂದ. ಗಡ್ಡ ಬೆಳೆದಿತ್ತು. ಯಾರೊಡನೆಯೂ ಮಾತಾಡದೆ ಗಟಾರದ ಗುಂಟ ನಡೆದು, ಒಂದು ಕಡೆ ನಿಂತು, ಸೀಮೆಸುಣ್ಣದಿಂದ ಗೆರೆ ಎಳೆದ.

"ಇಲ್ಲಿ ಅಗೀರಿ."

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಯಾವುದೋ ಕಾಲದ ಕಬ್ಬಿಣದ ಸಣ್ಣ ಕೊಳವೆ, ಗಟಾರದ ತಳಕ್ಕೆ ಅಂಟಿಕೊಂಡೇ ಹೋಗಿತ್ತು. ತುಕ್ಕು ತಿಂದು ಬೆರಳು ಹೋಗುವಷ್ಟು ತೂತು. ಕರಿನೀರು ಅದರ ಸುತ್ತ ನಿಂತಿತ್ತು. ಆತ ಗುಂಡಿಗೆ ಇಳಿದು ಅಂಗೈಯಿಂದ ಆ ತೂತು ಮುಚ್ಚಿ ಹಿಡಿದ. ಆಮೇಲೆ ಮೇಲೆ ನೋಡಿ, "ಇಷ್ಟ ರೀ" ಎಂದ. ಓಣಿಯ ಮಂದಿ ಸುತ್ತ ನಿಂತಿದ್ದರು.

ಹನ್ನೊಂದನೆಯ ದಿನ ಕಳೆದು ಆತ ಕೆಲಸಕ್ಕೆ ಬಂದಾಗ ಕೋಣೆಗೆ ಕರೆದು ಬಾಗಿಲು ಹಾಕಿದೆ. ಮೊದಲ ಸಲ ಆತ ನನ್ನೆದುರು ಕುರ್ಚಿಯಲ್ಲಿ ಕೂತ. ಎಲ್ಲ ಹೇಳಿದೆ. ಆತನ ಹೆಂಡತಿ ಮೂರು ಸಲ ಬಂದದ್ದು, ವರದಿ, ಜೀಪಿನ ಕಿಟಕಿ.

"ನನಗೂ ಗೊತ್ತಿದ್ದಿಲ್ರಿ ಆಕಿ ಬಂದಿದ್ದು" ಎಂದ. "ಹೇಳಿದ್ರ ಬ್ಯಾಡ ಅಂತಿದ್ದೆ. ದಿನಗೂಲಿ ಮನಶ್ಯಾ, ತನ್ನ ಆಫೀಸಿನ ಮ್ಯಾಲೆ ಹೆಂಡ್ತಿನ್ನ ಕಳಸ್ಯಾನ ಅಂತಿದ್ರು. ಅದಕ್ಕ ಹೇಳಿಲ್ಲ ಆಕಿ."

"ಆಕಿ ನಿಮ್ಮ ಮನಿಯಾಕಿ ಅಂತ ನನಗ ಗೊತ್ತಿದ್ದಿಲ್ಲ" ಅಂದೆ.

ಆತ ನನ್ನನ್ನು ನೇರವಾಗಿ ನೋಡಿದ.

"ಗೊತ್ತಿದ್ರ ಅಗಸ್ತಿದ್ರೇನ್ರಿ?"

ಹೌದು ಅಂದರೆ ಉಳಿದವರ ಮಕ್ಕಳ ಬಗ್ಗೆ ನಾನು ಏನೆಂದುಕೊಂಡಿದ್ದೆ ಎಂದಾಯಿತು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆತ ಎದ್ದು, "ಹೋಗ್ಲಿ ಬಿಡ್ರಿ. ನೀರು ಬಿಟ್ಟಾಂವ ನಾನ. ನನ್ನ ಕೈಲೆ ಬಿಟ್ಟೀನಿ" ಎಂದು ಬಾಗಿಲು ತೆಗೆದು ಹೊರಗೆ ಹೋದ.

ವಿಚಾರಣೆ ಬಂತು. ಮೇಲಿನವರೊಬ್ಬರು ಫೋನು ಮಾಡಿ, "ಆ ಹೆಂಗಸು ಬರೆದು ಕೊಟ್ಟಿಲ್ಲವಲ್ಲ? ಬಾಯಿಮಾತಿನ ದೂರಿಗೆ ದಾಖಲೆ ಇಲ್ಲ. ವರದಿ ಇದೆ, ಅಷ್ಟು ಸಾಕು" ಎಂದರು. ಸಲಹೆ ಕೆಟ್ಟ ಮನಸ್ಸಿನದಲ್ಲ. ನನ್ನ ಪಿಂಚಣಿ ಉಳಿಯಲಿ ಎಂದಿತ್ತು. ಎರಡು ದಿನ ಕಾಗದ ಮುಂದಿಟ್ಟುಕೊಂಡು ಕೂತೆ. ಅವ್ವನಿಗೆ ಫೋನು ಮಾಡಿದೆ. ಅವಳು ಎಲ್ಲ ಕೇಳಿ, "ಆ ಹೆಣ್ಮಗಳ ಮಾರಿ ನೋಡಾಕ ಆಗಬೇಕಲ್ಲವ್ವಾ ನಿನಗ" ಅಂದಳು. ನಡೆದದ್ದನ್ನು ನಡೆದಂತೆ ಬರೆದೆ. ಮೂರು ಸಲ ಬಂದದ್ದು, ಮಾದರಿ ತೆಗೆದ ಹೊತ್ತು, ನೀರು ಬಿಡುವವನು ಅಗೆಯಲು ಹೇಳಿದ್ದು, ನಾನು ತಡೆಯಲು ಹೇಳಿದ್ದು.

ಅದರಿಂದ ಸತ್ತವಳು ಬರುವುದಿಲ್ಲ. ನನ್ನ ಮೇಲೆ ನೋಟೀಸು ಬಂತು, ವರ್ಷ ತುಂಬುವ ಮುಂಚೆ ವರ್ಗದ ಆದೇಶವೂ ಬಂತು. ನಡುವಿನ ತಿಂಗಳುಗಳಲ್ಲಿ ಆ ಓಣಿಗೂ ಪಕ್ಕದ ಎರಡಕ್ಕೂ ಗಟಾರದಿಂದ ದೂರ ಹೊಸ ಕೊಳವೆ ಹಾಕಿಸಿದೆ. ಮನೆಗಳನ್ನು ಒಳಚರಂಡಿಗೆ ಜೋಡಿಸಿದೆವು. ಉಳಿದ ಓಣಿಗಳಲ್ಲಿ ಮೊದಲ ಅರ್ಧ ತಾಸಿನ ನೀರು ಮನೆಗಳಿಗೆ ಹೋಗದೆ ಹೊರಗೆ ಹರಿದುಹೋಗುವಂತೆ ಓಣಿಯ ತಲೆಯಲ್ಲೇ ಒಂದೊಂದು ವಾಲ್ವು ಕೂರಿಸಿದೆವು. ಬೇಸಿಗೆಯಲ್ಲಿ ನೀರು ಚೆಲ್ಲುತ್ತಾರೆಂದು ಜನ ಶಾಪ ಹಾಕಿದರು. ಆತ ಬೈಸಿಕೊಳ್ಳುತ್ತ ನಿಂತಿರುತ್ತಿದ್ದ. ಪ್ರತಿ ಪಾಳಿಗೂ ಬಕೀಟಿನಲ್ಲಿ ನೀರು ಹಿಡಿದು, ಬಗ್ಗಿ ಮೂಸಿ, ಆಮೇಲೆಯೇ ಓಣಿಗೆ ತಿರುಗಿಸುತ್ತಿದ್ದ. ಆತನನ್ನು ಕಾಯಂ ಮಾಡಲು ನಾನು ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ.

ಅಧಿಕಾರ ಬಿಟ್ಟುಕೊಡುವ ಹಿಂದಿನ ವಾರ ಸಿಂಗಟಾಲೂರು ಕಡೆ ಹೊಳೆಯ ದಂಡೆಗೆ ಹೋಗುವ ಕೆಲಸವಿತ್ತು. ಆತ ಜೀಪಿನ ಹತ್ತಿರ ಬಂದು, "ಮುಂಡರಗಿ ಮ್ಯಾಲೆ ಹೊಂಟೀರಿ? ನಾ ಬರ್ಲ್ಯಾ? ಕೂಸಿನ್ನ ನೋಡಿ ಎರಡು ತಿಂಗಳಾತು" ಎಂದ. ಕೂಸು ಬೀಗರ ಮನೆಯಲ್ಲಿತ್ತು. ಅಜ್ಜಿಗೆ, ಅಂದರೆ ಆತನ ಹೆಂಡತಿಗೆ, ತನ್ನ ಬಳಿಯೇ ಇಟ್ಟುಕೊಳ್ಳುವ ಆಸೆ. ಆದರೆ ಅವಳೇ, "ಈ ಓಣ್ಯಾಗ ಬ್ಯಾಡ" ಎಂದು ಕಳಿಸಿಕೊಟ್ಟಿದ್ದಳಂತೆ. ನೂಲು ಸುತ್ತುವುದನ್ನೂ ಬಿಟ್ಟಿದ್ದಳು.

ಮುಂಡರಗಿಯಲ್ಲಿ ನಾನು ಜೀಪಿನಲ್ಲೇ ಕೂತಿರುತ್ತೇನೆ ಅಂದೆ. ಕೇಳಲಿಲ್ಲ. ಬೀಗಿತಿ ಹೊರಗೆ ಬಂದು, "ಹೊರಗ ಯಾಕ್ರಿ, ಒಳಗ ಬರ್ರಿ" ಎಂದು ಕೈಹಿಡಿದು ಕರೆದೊಯ್ದಳು. ಆತ ನನ್ನನ್ನು, "ನಮ್ಮ ಆಫೀಸಿನ ಬಾಯಾರು" ಎಂದಷ್ಟೇ ಹೇಳಿದ. ತಗಡಿನ ಮಾಡು, ಸಾರಿಸಿದ ನೆಲ, ತೊಟ್ಟಿಲು. ಕೂಸಿಗೆ ಎಂಟು ತಿಂಗಳು. ದಪ್ಪ ಕೆನ್ನೆ, ಎಣ್ಣೆ ಹಚ್ಚಿದ ತಲೆ. ಆತನನ್ನು ಕಂಡು ಅತ್ತಿತು, ಗುರುತಿರಲಿಲ್ಲ. ಆತ ಸಲಾಕಿ ಹಿಡಿದು ಗಟ್ಟಿಯಾದ ಕೈಗಳನ್ನು ಮುಂದೆ ಚಾಚಿ, ಹಿಂದೆ ಎಳೆದುಕೊಂಡು, ಮತ್ತೆ ಚಾಚಿದ. ಬೀಗಿತಿ ಕೂಸನ್ನು ನನ್ನ ಮಡಿಲಲ್ಲಿ ಕೂರಿಸಿದಳು. ನನ್ನ ಬಳೆ ಹಿಡಿದು ಅಳು ನಿಲ್ಲಿಸಿತು. ಬೆಚ್ಚಗಿತ್ತು, ಭಾರವಿತ್ತು. ನಾನು ಅದರ ಮುಖದಲ್ಲಿ ತಾಯಿಯ ಹೋಲಿಕೆ ಹುಡುಕಿದೆ; ಆ ಹುಡುಗಿಯ ಮುಖ ನಾನು ನೋಡಿದ್ದು ಒಂದೇ ಸಲ, ಆ ಹಳದಿಯಲ್ಲಿ.

ಬೀಗಿತಿ ಒಂದು ಚೂರು ಬೆಲ್ಲ, ತಂಬಿಗೆ ತುಂಬ ನೀರು ತಂದಿಟ್ಟಳು. "ಕಾಯಿಸಿ ಆರಿಸಿದ ನೀರು ರೀ, ಕುಡೀರಿ. ಸೊಸಿ ಹೋದ ಮ್ಯಾಲೆ ಹಸಿ ನೀರು ಮನ್ಯಾಗ ಮುಟ್ಟಂಗಿಲ್ಲ" ಅಂದಳು. ಕುಡಿದೆ.

ಮರಳುವಾಗ ಡೋಣಿ ಊರು ದಾಟಿದೆವು. ನಾನೇ, "ನಾ ಯಾರಂತ ಅವರಿಗೆ ಯಾಕ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳಿದ್ರ ನಿಮಗ ನೀರು ಕೊಡ್ತಿದ್ದಿಲ್ರಿ ಅವ್ರು" ಎಂದ. ಆಮೇಲೆ, "ಕೂಸಿನ್ನೂ ಕೊಡ್ತಿದ್ದಿಲ್ಲ" ಎಂದ.

ಅದು ಕ್ಷಮೆಯೇ ಎಂದು ಆಮೇಲೆ ಎಷ್ಟೋ ಸಲ ನನ್ನನ್ನು ಕೇಳಿಕೊಂಡಿದ್ದೇನೆ. ಅಲ್ಲ ಅನಿಸುತ್ತದೆ. ಆತ ಬಹಳ ವರ್ಷ ಎಲ್ಲರಿಗೂ ಅಷ್ಟಷ್ಟು ಪಾಲು ಹಂಚುತ್ತ ಬಂದ ಮನುಷ್ಯ. ನನಗೂ ಅಷ್ಟು ಕೊಟ್ಟ. ಆತನ ಹೆಂಡತಿ ನನ್ನೊಡನೆ ಮತ್ತೆ ಮಾತಾಡಲಿಲ್ಲ. ಹೊರಡುವ ಮುನ್ನ ಮನೆಗೆ ಹೋಗಿದ್ದೆ. ಚಾಪೆ ಹಾಸಿದಳು, ಚಹಾ ಇಟ್ಟಳು, ಒಳಗೆ ಹೋದಳು. ಅಷ್ಟೂ ಆಕೆಗೆ ಕಷ್ಟವಿತ್ತು ಎಂದು ನನಗೆ ಗೊತ್ತು.

ಆ ದಿನ ಮುಂಡರಗಿಯಿಂದ ಗದಗ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಬೆಟಗೇರಿಯ ತಿರುವಿನಲ್ಲಿ ಆತ ಜೀಪು ನಿಲ್ಲಿಸಲು ಹೇಳಿದ. "ಆಫೀಸಿಗೆ ಬರಂಗಿಲ್ಲೇನು?" ಅಂದೆ. "ಇಲ್ರಿ, ಇವತ್ತ ಮ್ಯಾಲಿನ ಓಣಿ ಪಾಳಿ ಐತಿ. ಹೆಣ್ಮಕ್ಕಳು ಕೊಡಾ ಹಚ್ಚಿ ಕುಂತಿರ್ತಾರ" ಎಂದು ಇಳಿದ. ರಸ್ತೆ ದಾಟಲು ಆಚೀಚೆ ನೋಡಿ, ಒಂದು ಲಾರಿ ಹೋಗಲು ಬಿಟ್ಟು, ಆಚೆ ಬದಿಯ ಜನರಲ್ಲಿ ಸೇರಿಕೊಂಡ.